ಸಬ್‌ಸ್ಕ್ರೈಬ್ ಅಂದ್ರೆ ದುಡ್ಡು ಕೊಡೋದಾ? ಒಂದು ಪದದ ಹಿಂದಿನ ಕಥೆ

ಹೋದ ತಿಂಗಳು ನಮ್ಮ ಸೋದರತ್ತೆ ಫೋನ್ ಮಾಡಿದ್ದರು. ಈಗೀಗ ಯೂಟ್ಯೂಬ್ ನೋಡುವುದು ಕಲಿತಿದ್ದಾರೆ. "ಅಲ್ಲ ಕಣೋ, ಆ ಹುಡುಗಿ ಹೋಳಿಗೆ ಮಾಡೋದನ್ನ ಚೆನ್ನಾಗಿ ಹೇಳಿಕೊಡ್ತಾಳೆ. ಆದ್ರೆ ಮಾತಿಗೊಂದು ಸಲ ಸಬ್‌ಸ್ಕ್ರೈಬ್ ಮಾಡಿ, ಸಬ್‌ಸ್ಕ್ರೈಬ್ ಮಾಡಿ ಅಂತಾಳೆ. ಒತ್ತಿದ್ರೆ ಬ್ಯಾಂಕಿನಿಂದ ದುಡ್ಡು ಹೋಗುತ್ತಾ?" ಇಲ್ಲ ಅತ್ತೆ, ಅದು ಪುಕ್ಕಟೆ, ಧೈರ್ಯವಾಗಿ ಒತ್ತಿ ಅಂದೆ.

ಅದೇ ವಾರ ಅವರ ಮಗ 899 ರೂಪಾಯಿ ಕಳೆದುಕೊಂಡ. ನಿದ್ದೆ ಬರಿಸುವ ಸಂಗೀತದ ಯಾವುದೋ ಆ್ಯಪ್. '7 ದಿನ ಉಚಿತ' ಅಂತ ಇತ್ತಂತೆ, ಒತ್ತಿದ್ದಾನೆ. ಎಂಟನೇ ದಿನ ಖಾತೆಯಿಂದ ದುಡ್ಡು ಹೋಯಿತು, ನಿದ್ದೆಯೂ ಹೋಯಿತು. ಅವನು ಒತ್ತಿದ ಬಟನ್ನಿನ ಮೇಲೆ ಇದ್ದದ್ದೂ ಇದೇ ಪದ.

ಒಂದು ಕಡೆ ಬಿಟ್ಟಿ, ಇನ್ನೊಂದು ಕಡೆ ದುಡ್ಡು. ಪತ್ರಿಕೆ ತರಿಸಿದರೂ ಸಬ್‌ಸ್ಕ್ರಿಪ್ಷನ್, ಷೇರಿಗೆ ಅರ್ಜಿ ಹಾಕಿದರೂ ಸಬ್‌ಸ್ಕ್ರಿಪ್ಷನ್. ಹಾಗಾದರೆ ಈ ಪದದ ಅರ್ಥ ಏನು? ಅದು ಹುಟ್ಟಿದ ಕಡೆಯಿಂದ ನೋಡಿಕೊಂಡು ಬಂದರೆ ಗೊಂದಲ ತಾನಾಗಿ ಬಿಡಿಸಿಕೊಳ್ಳುತ್ತದೆ.

ಎರಡು ತುಂಡು: 'ಕೆಳಗೆ' ಮತ್ತು 'ಬರೆ'

ಸಬ್‌ಸ್ಕ್ರೈಬ್ ಲ್ಯಾಟಿನ್ ಭಾಷೆಯ 'ಸುಬ್‌ಸ್ಕ್ರೀಬೆರೆ'ಯಿಂದ ಬಂದದ್ದು. ಅದನ್ನು ಮುರಿದರೆ ಎರಡು ತುಂಡು. 'ಸುಬ್' ಅಂದರೆ ಕೆಳಗೆ. 'ಸ್ಕ್ರೀಬೆರೆ' ಅಂದರೆ ಬರೆಯುವುದು. ಒಟ್ಟಿಗೆ ಸೇರಿಸಿದರೆ 'ಕೆಳಗೆ ಬರೆ'. ಅಷ್ಟೇ.

ಮೊದಲ ತುಂಡು ನಮಗೆ ಹೊಸದೇನಲ್ಲ. ರಸ್ತೆಯ ಕೆಳಗೆ ಹೋಗುವ ದಾರಿ ಸಬ್‌ವೇ. ಇನ್‌ಸ್ಪೆಕ್ಟರ್‌ಗಿಂತ ಒಂದು ಮೆಟ್ಟಿಲು ಕೆಳಗಿರುವವರು ಸಬ್ ಇನ್‌ಸ್ಪೆಕ್ಟರ್. ಎರಡನೇ ತುಂಡಿನ ಬೇರು ಇನ್ನೂ ಹಳೆಯದು. ಅದರ ಮೂಲ ಅರ್ಥ ಗೀರು, ಕೊರೆ ಅಂತ. ಬರೆಯುವುದು ಅಂದರೆ ಆಗ ಮರದ ಮೇಲೋ ಕಲ್ಲಿನ ಮೇಲೋ ಗೀರುವುದೇ ಆಗಿತ್ತು. ನಮ್ಮಲ್ಲೂ ತಾಳೆಗರಿಯ ಮೇಲೆ ಬರೆಯುತ್ತಿದ್ದದ್ದು ಹಾಗೆಯೇ. ಕಂಠ ಅನ್ನುವ ಕಬ್ಬಿಣದ ಮೊನೆಯಿಂದ ಅಕ್ಷರ ಕೊರೆದು, ಆಮೇಲೆ ಕಪ್ಪು ಸವರಿ ಒರೆಸುತ್ತಿದ್ದರು. ಗೀರಿನಲ್ಲಿ ಕಪ್ಪು ಉಳಿದು ಅಕ್ಷರ ಎದ್ದು ಕಾಣುತ್ತಿತ್ತು.

ಈ ಸ್ಕ್ರೀಬೆರೆಗೆ ದೊಡ್ಡ ಸಂಸಾರವಿದೆ. ಔಷಧಿ ತಗೊಳ್ಳುವ ಮುಂಚೆ ಡಾಕ್ಟರ್ ಬರೆದುಕೊಡುವುದು ಪ್ರಿಸ್ಕ್ರಿಪ್ಷನ್. ಅದರ ಮೊದಲ ತುಂಡಿನ ಅರ್ಥ 'ಮುಂಚೆ'. ಕೈಯಲ್ಲಿ ಬರೆದದ್ದು ಮ್ಯಾನುಸ್ಕ್ರಿಪ್ಟ್. ಸಿನಿಮಾದವರ ಸ್ಕ್ರಿಪ್ಟೂ ಇದೇ ಮನೆಯದು. ನೀರಿನ ರಾಸಾಯನಿಕ ಹೆಸರಲ್ಲಿ 2 ಅನ್ನುವ ಅಂಕಿಯನ್ನು ಸಣ್ಣದಾಗಿ ಕೆಳಗೆ ಬರೆಯುತ್ತೇವಲ್ಲ, ಅದಕ್ಕೆ ಸಬ್‌ಸ್ಕ್ರಿಪ್ಟ್ ಅನ್ನುತ್ತಾರೆ. ಅಕ್ಷರಶಃ ಕೆಳಗೆ ಬರೆದದ್ದು. ಆ ಲೆಕ್ಕದಲ್ಲಿ 'ಅಮ್ಮ' ಅಂತ ಬರೆದು ಮಕಾರದ ಕೆಳಗೆ ಒತ್ತು ಕೊಡುವ ಒಂದನೇ ಕ್ಲಾಸಿನ ಮಗುವೂ ಮಾಡುತ್ತಿರುವುದು ಇದನ್ನೇ!

ಕೆಳಗೆ ಬರೆಯುವುದು ಏನನ್ನು?

ಹೆಸರನ್ನು. ನಮ್ಮ ಹಳೆಯ ಪತ್ರಗಳಲ್ಲಿ 'ಈ ಕೆಳಗೆ ಸಹಿ ಮಾಡಿರುವ ನಾನು' ಅಂತ ಒಂದು ಸಾಲು ಇರುತ್ತದೆ, ನೋಡಿರುತ್ತೀರಿ. ಪತ್ರದ ಮೇಲ್ಭಾಗದಲ್ಲಿ ವಿಷಯ, ಕೊನೆಯಲ್ಲಿ ಹೆಸರು. ಮೇಲೆ ಇರುವುದನ್ನೆಲ್ಲ ಓದಿದ್ದೇನೆ, ಒಪ್ಪಿದ್ದೇನೆ ಅಂತ ಅದರ ಅರ್ಥ. 'ಸಹಿ' ಅನ್ನುವ ಪದವೇ ಅರಬ್ಬಿಯ 'ಸಹೀಹ್'ನಿಂದ ಬಂದದ್ದು. ಸರಿ ಅಂತ ಅರ್ಥ. ಅಂದರೆ ನಾವು ಸಹಿ ಹಾಕಿದಾಗಲೆಲ್ಲ ಮೇಲಿನ ಮಾತಿಗೆ 'ಸರಿ' ಅಂದ ಹಾಗೆ.

ರೋಮನ್ನರಲ್ಲಿ ಇದಕ್ಕೆ ಒಂದು ಸೊಗಸಾದ ಪದ್ಧತಿ ಇತ್ತು. ಪ್ರಜೆಗಳು ಚಕ್ರವರ್ತಿಗೆ ಅರ್ಜಿ ಕೊಡುತ್ತಿದ್ದರು. ಉತ್ತರಕ್ಕೆ ಬೇರೆ ಹಾಳೆ ಇಲ್ಲ. ಅದೇ ಅರ್ಜಿಯ ಕೆಳಗೆ ಉತ್ತರ ಬರೆದು, ಎಲ್ಲರಿಗೂ ಕಾಣುವಂತೆ ಹಾಕುತ್ತಿದ್ದರು. ಆ ಉತ್ತರದ ಹೆಸರು 'ಸುಬ್‌ಸ್ಕ್ರಿಪ್ತಿಯೋ'. ಇವತ್ತಿನ ಕಚೇರಿಗಳಲ್ಲಿ ಅರ್ಜಿಯ ಮೇಲೇ ಷರಾ ಬರೆಯುತ್ತಾರಲ್ಲ, ಹೆಚ್ಚುಕಡಿಮೆ ಅದೇ.

ಇಂಗ್ಲಿಷಿಗೆ ಈ ಪದ ಬಂದದ್ದು 15ನೇ ಶತಮಾನದ ಆರಂಭದಲ್ಲಿ. ಆಗ ಅದರ ಅರ್ಥ ಇಷ್ಟೇ: ದಸ್ತಾವೇಜಿನ ಕೊನೆಯಲ್ಲಿ ಸಹಿ ಹಾಕು. ಆದರೆ ಸಹಿ ಹಾಕಿದವರು ಒಪ್ಪಿದವರೂ ಹೌದಲ್ವಾ? ಹಾಗಾಗಿ ಅದೇ ಶತಮಾನದಲ್ಲಿ 'ಒಪ್ಪು' ಅನ್ನುವ ಅರ್ಥವೂ ಸೇರಿಕೊಂಡಿತು. ಇವತ್ತಿಗೂ ಇಂಗ್ಲಿಷ್ ಮಾತಾಡುವವರು 'ಆ ಅಭಿಪ್ರಾಯಕ್ಕೆ ನನ್ನ ಸಹಮತ ಇಲ್ಲ' ಅನ್ನುವುದಕ್ಕೆ ಸಬ್‌ಸ್ಕ್ರೈಬ್ ಅನ್ನೇ ಬಳಸುತ್ತಾರೆ. ಅಲ್ಲಿ ದುಡ್ಡೂ ಇಲ್ಲ, ಚಾನೆಲ್ಲೂ ಇಲ್ಲ.

ಈ ಒಪ್ಪಿಗೆ ಕೆಲವೊಮ್ಮೆ ಬದುಕನ್ನೇ ತಿರುಗಿಸುವಷ್ಟು ಗಟ್ಟಿಯಾಗಿರುತ್ತಿತ್ತು. ಇಂಗ್ಲೆಂಡಿನ ಚರ್ಚು 39 ನಂಬಿಕೆಗಳ ಒಂದು ಪಟ್ಟಿ ಮಾಡಿತ್ತು. 1581ರಿಂದ ಆಕ್ಸ್‌ಫರ್ಡ್ ವಿಶ್ವವಿದ್ಯಾಲಯಕ್ಕೆ ಸೇರಬೇಕಾದರೆ ಆ ಪಟ್ಟಿಗೆ 'ಸಬ್‌ಸ್ಕ್ರೈಬ್' ಮಾಡಬೇಕಿತ್ತು, ಅಂದರೆ ಒಪ್ಪಿ ಹೆಸರು ಬರೆಯಬೇಕಿತ್ತು. ಮನಸ್ಸು ಒಪ್ಪದ ಕ್ಯಾಥೊಲಿಕರು ಮತ್ತು ಬೇರೆ ಪಂಥದವರು ಹೊರಗೇ ಉಳಿದರು. ಸೇರುವಾಗ ಸಹಿ ಹಾಕಬೇಕೆಂಬ ಈ ನಿಯಮ ಹೋದದ್ದು 1854ರಲ್ಲಿ.

ಹೆಸರಿನ ಪಕ್ಕ ಮೊತ್ತ ಬಂದಾಗ

ಈಗ ಗಣಪತಿ ಹಬ್ಬದ ಚಂದಾ ಪುಸ್ತಕವನ್ನು ನೆನಪಿಸಿಕೊಳ್ಳಿ. ಮೇಲೆ ಸಂಘದ ಹೆಸರು, ಎಷ್ಟನೇ ವರ್ಷದ ಗಣೇಶೋತ್ಸವ, ಏನೇನು ಕಾರ್ಯಕ್ರಮ ಅನ್ನುವ ವಿವರ. ಅದರ ಕೆಳಗೆ ಸಾಲುಸಾಲಾಗಿ ಹೆಸರು, ಹೆಸರಿನ ಎದುರು ಮೊತ್ತ. ಹುಡುಗರು ಮೊದಲು ಹೋಗುವುದು ಬೀದಿಯ ದೊಡ್ಡ ಅಂಗಡಿಯವರ ಹತ್ತಿರ. ಯಾಕೆ ಅಂತ ಎಲ್ಲರಿಗೂ ಗೊತ್ತು. ಮೊದಲ ಸಾಲಲ್ಲಿ 5001 ಕಂಡರೆ ಮುಂದಿನವರು 51 ಬರೆಯಲು ಸಂಕೋಚ ಪಡುತ್ತಾರೆ.

ಸಬ್‌ಸ್ಕ್ರಿಪ್ಷನ್ ಅನ್ನುವ ಪದ ದುಡ್ಡಿನ ಜೊತೆ ಸೇರಿದ್ದು ಇಂಥ ಪಟ್ಟಿಗಳಿಂದಲೇ. ಮೇಲೆ ಒಂದು ಯೋಜನೆ, ಕೆಳಗೆ 'ನಾನು ಇಷ್ಟು ಕೊಡುತ್ತೇನೆ' ಅಂತ ಹೆಸರು ಮತ್ತು ಮೊತ್ತ. ಇನ್ನೂ ಕೊಟ್ಟಿಲ್ಲ, ಕೊಡುತ್ತೇನೆ ಅನ್ನುವ ಮಾತು ಮಾತ್ರ. ಆದರೆ ಕೈಯಾರೆ ಬರೆದ ಮಾತು, ತಪ್ಪಿಸಿಕೊಳ್ಳುವುದು ಕಷ್ಟ. 1630ರ ದಶಕದ ಹೊತ್ತಿಗೆ ಇಂಗ್ಲಿಷಿನಲ್ಲಿ ಈ ಪದಕ್ಕೆ 'ಹಣ ಕೊಡಲು ಒಪ್ಪು' ಅನ್ನುವ ಅರ್ಥ ಬಂದಿತ್ತು. ಪದ್ಧತಿ ಅದಕ್ಕಿಂತ ಹಳೆಯದು.

ಅದರ ಅತಿ ಪ್ರಸಿದ್ಧ ಉದಾಹರಣೆ ನಮ್ಮ ದೇಶದ ಕಥೆಗೇ ತಗಲಿಕೊಂಡಿದೆ. 1599ರ ಸೆಪ್ಟೆಂಬರ್‌ನಲ್ಲಿ ಲಂಡನ್ನಿನ ವ್ಯಾಪಾರಿಗಳು ಒಂದು ಪಟ್ಟಿ ಮಾಡಿದರು. ಪೂರ್ವದ ದೇಶಗಳಿಗೆ ಹಡಗು ಕಳಿಸುವ ಯೋಜನೆ. 101 ಜನ ತಮ್ಮ ಕೈಯಾರೆ ಹೆಸರು ಬರೆದು, ಎದುರಿಗೆ ತಮ್ಮ ಪಾಲಿನ ಮೊತ್ತ ಬರೆದರು. ಒಟ್ಟು 30,133 ಪೌಂಡ್ ಚಿಲ್ಲರೆ. 1600ರ ಕೊನೆಯ ದಿನ ರಾಣಿ ಎಲಿಜಬೆತ್ ಅವರಿಗೆ ಸನ್ನದು ಕೊಟ್ಟಳು. ಅದೇ ಈಸ್ಟ್ ಇಂಡಿಯಾ ಕಂಪನಿ. ಆ ಪಟ್ಟಿ ಬರೆದು ಹೆಚ್ಚುಕಡಿಮೆ 200 ವರ್ಷಕ್ಕೆ, 1799ರಲ್ಲಿ, ಅದೇ ಕಂಪನಿಯ ಸೈನ್ಯ ಶ್ರೀರಂಗಪಟ್ಟಣದ ಕೋಟೆಯೊಳಗೆ ನುಗ್ಗಿತು. ಚಂದಾ ಎತ್ತಿ ಶುರು ಮಾಡಿದ ಕಂಪನಿ!

ಇನ್ನೊಂದು ಉದಾಹರಣೆ 1694ರದ್ದು. ಫ್ರಾನ್ಸಿನ ಜೊತೆ ಯುದ್ಧ ನಡೆದಿತ್ತು. ಇಂಗ್ಲೆಂಡಿನ ಸರ್ಕಾರಕ್ಕೆ 12 ಲಕ್ಷ ಪೌಂಡ್ ಸಾಲ ಬೇಕಿತ್ತು. ಸಾಲ ಕೊಡುವವರೆಲ್ಲ ಸೇರಿ ಒಂದು ಬ್ಯಾಂಕ್ ಆಗಬಹುದು ಅಂತ ಏರ್ಪಾಡಾಯಿತು. ಜೂನ್ 21ರಂದು ಚಂದಾ ಪುಸ್ತಕ ತೆರೆದರು. ಮೊದಲಲ್ಲೇ ರಾಜ ವಿಲಿಯಂ ಮತ್ತು ರಾಣಿ ಮೇರಿಯ ಹೆಸರು, 10,000 ಪೌಂಡ್. ದೊಡ್ಡ ಅಂಗಡಿಯವರ 5001ರ ತಂತ್ರವೇ ಇಲ್ಲೂ. ಎರಡು ವಾರ ತುಂಬುವ ಮೊದಲೇ ಪೂರ್ತಿ ಮೊತ್ತ ಬಂದಿತ್ತು. ಹುಟ್ಟಿದ್ದು ಬ್ಯಾಂಕ್ ಆಫ್ ಇಂಗ್ಲೆಂಡ್.

ಇದಕ್ಕೊಂದು ಅವಳಿ ಪದವೂ ಇದೆ. 'ಕೆಳಗೆ ಬರೆ' ಅನ್ನುವುದನ್ನು ಲ್ಯಾಟಿನ್ ಬಿಟ್ಟು ಅಚ್ಚ ಇಂಗ್ಲಿಷಿನಲ್ಲಿ ಹೇಳಿದರೆ 'ಅಂಡರ್‌ರೈಟ್' ಆಗುತ್ತದೆ. ಲಂಡನ್ನಿನಲ್ಲಿ ಎಡ್ವರ್ಡ್ ಲಾಯ್ಡ್ ಅನ್ನುವವರ ಕಾಫಿ ಅಂಗಡಿಗೆ ಹಡಗಿನ ವಿಮೆಯ ವ್ಯವಹಾರದವರು ಬರುತ್ತಿದ್ದರು. ಹಡಗಿನ ವಿವರ ಬರೆದ ಕಾಗದದ ಕೆಳಗೆ, ನಷ್ಟವಾದರೆ ಇಷ್ಟು ನನ್ನ ಪಾಲು ಅಂತ ಒಬ್ಬೊಬ್ಬರೂ ಹೆಸರು ಹಾಕುತ್ತಿದ್ದರು. ವಿಮಾ ಕಂಪನಿಗಳಲ್ಲಿ ಇವತ್ತೂ ಅಂಡರ್‌ರೈಟರ್ ಅನ್ನುವ ಹುದ್ದೆ ಇದೆ.

ಇನ್ನೂ ಬರೆಯದ ಪುಸ್ತಕಕ್ಕೆ ಮುಂಗಡ

ಸಬ್‌ಸ್ಕ್ರಿಪ್ಷನ್ ಓದುಗರ ಮನೆಗೆ ಬಂದದ್ದು ಪುಸ್ತಕಗಳ ಮೂಲಕ. ಈ ಭಾಗ ನನಗೆ ತುಂಬ ಇಷ್ಟ, ಸ್ವಲ್ಪ ನಿಧಾನವಾಗಿ ಹೇಳುತ್ತೇನೆ.

ದೊಡ್ಡ ಪುಸ್ತಕ ಅಚ್ಚು ಹಾಕಿಸಲು ಕಾಗದ, ಮೊಳೆ ಜೋಡಿಸುವ ಕೂಲಿ, ಚಿತ್ರಗಳ ತಗಡು ಎಲ್ಲದಕ್ಕೂ ಮೊದಲೇ ದುಡ್ಡು ಬೇಕು. ಪುಸ್ತಕ ಮಾರಾಟವಾಗಿ ದುಡ್ಡು ವಾಪಸ್ ಬರುವುದು ಆಮೇಲೆ. ಹಾಗಾಗಿ 17ನೇ ಶತಮಾನದ ಇಂಗ್ಲೆಂಡಿನಲ್ಲಿ ಒಂದು ಉಪಾಯ ಬಂತು. ಪುಸ್ತಕದ ವಿವರವನ್ನು ಮೊದಲು ಪ್ರಕಟಿಸುವುದು, ಬೇಕಾದವರು ಹೆಸರು ಬರೆಸಿ ಅರ್ಧ ದುಡ್ಡು ಕೊಡುವುದು, ಪುಸ್ತಕ ಕೈಗೆ ಬಂದಾಗ ಉಳಿದದ್ದು. ನಮ್ಮಲ್ಲಿ ದೊಡ್ಡ ಸಂಪುಟಗಳಿಗೆ 'ಪ್ರಕಟಣಪೂರ್ವ ಬೆಲೆ' ಅಂತ ಜಾಹೀರಾತು ಬರುತ್ತದಲ್ಲ, ಅದೇ ದಾರಿ.

1697ರಲ್ಲಿ ಕವಿ ಜಾನ್ ಡ್ರೈಡನ್ ರೋಮನ್ ಮಹಾಕವಿ ವರ್ಜಿಲ್‌ನ ಕೃತಿಗಳ ಅನುವಾದವನ್ನು ಹೀಗೆಯೇ ತಂದರು. ಅದರಲ್ಲಿ ಎರಡು ದರ್ಜೆ. ಎರಡು ಗಿನಿ (ಆಗಿನ ಇಂಗ್ಲೆಂಡಿನ ಚಿನ್ನದ ನಾಣ್ಯ) ಕೊಟ್ಟವರ ಹೆಸರು ಪಟ್ಟಿಯಲ್ಲಿ. ಐದು ಗಿನಿ ಕೊಟ್ಟವರಿಗೆ ವಿಶೇಷ ಮರ್ಯಾದೆ: ಪುಸ್ತಕದಲ್ಲಿದ್ದ 101 ದೊಡ್ಡ ಚಿತ್ರಗಳಲ್ಲಿ ಒಂದೊಂದರ ಕೆಳಗೆ ಒಬ್ಬೊಬ್ಬರ ಹೆಸರು ಮತ್ತು ಮನೆತನದ ಲಾಂಛನ. ದುಡ್ಡು ಕೊಟ್ಟವರ ಹೆಸರು ನಿಜವಾಗಿ 'ಕೆಳಗೆ' ಬರೆಯಲ್ಪಟ್ಟಿತ್ತು. ದೇವಸ್ಥಾನದ ಟ್ಯೂಬ್‌ಲೈಟಿನ ಮೇಲೆ ದಾನಿಗಳ ಹೆಸರು ನೋಡಿದವರಿಗೆ ಈ ಆಸೆ ವಿವರಿಸಬೇಕಾಗಿಲ್ಲ.

ಅಲೆಗ್ಸಾಂಡರ್ ಪೋಪ್ ಅನ್ನುವ ಇನ್ನೊಬ್ಬ ಇಂಗ್ಲಿಷ್ ಕವಿ ಇದನ್ನು ಇನ್ನೊಂದು ಹೆಜ್ಜೆ ಮುಂದೆ ಒಯ್ದರು. ಹೋಮರನ ಇಲಿಯಡ್ ಕಾವ್ಯದ ಅನುವಾದ, ಆರು ಸಂಪುಟ, ಸಂಪುಟಕ್ಕೆ ಒಂದು ಗಿನಿ. 1715ರಿಂದ 1720ರವರೆಗೆ ಬಂತು. ಹೆಸರು ಕೊಟ್ಟವರು 575 ಜನ. ಅದರಿಂದ ಬಂದ ಹಣದಲ್ಲಿ ಪೋಪ್ ಯಾವ ಶ್ರೀಮಂತರ ಹಂಗೂ ಇಲ್ಲದೆ ಬದುಕುವಂತಾದರು. ಬರಹಗಾರರಿಗೆ ಒಬ್ಬ ದೊರೆಯ ಆಶ್ರಯದ ಬದಲು ನೂರಾರು ಓದುಗರ ಆಶ್ರಯ ಸಿಕ್ಕ ಹಾಗಾಯಿತು.

ಎಲ್ಲರೂ ಹೇಳಿದ ಹೊತ್ತಿಗೆ ಪುಸ್ತಕ ಕೊಟ್ಟರು ಅಂತಲ್ಲ. ಸ್ಯಾಮ್ಯುಯೆಲ್ ಜಾನ್ಸನ್ 1756ರಲ್ಲಿ ಶೇಕ್ಸ್‌ಪಿಯರ್ ನಾಟಕಗಳ ಹೊಸ ಆವೃತ್ತಿ ತರುತ್ತೇನೆ ಅಂತ ಚಂದಾ ಎತ್ತಿದರು. ಪುಸ್ತಕ ಬಂದದ್ದು 1765ಕ್ಕೆ. ಒಂಬತ್ತು ವರ್ಷ! ನಡುವೆ ಒಬ್ಬ ಕವಿ, ದುಡ್ಡು ಇಸಕೊಂಡಿರಿ, ಪುಸ್ತಕ ಎಲ್ಲಿ ಅಂತ ಪದ್ಯ ಕಟ್ಟಿ ಗೇಲಿ ಮಾಡಿದ್ದೂ ಆಯಿತು. ಪುಸ್ತಕದಲ್ಲಿ ಚಂದಾದಾರರ ಪಟ್ಟಿ ಯಾಕೆ ಹಾಕುವುದಿಲ್ಲ ಅಂತ ಕೇಳಿದ್ದಕ್ಕೆ ಜಾನ್ಸನ್ ಎರಡು ಕಾರಣ ಕೊಟ್ಟರಂತೆ: ಹೆಸರುಗಳೆಲ್ಲ ಕಳೆದುಹೋಗಿವೆ, ದುಡ್ಡೆಲ್ಲ ಖರ್ಚಾಗಿದೆ.

ಪುಸ್ತಕದಿಂದ ನಿಯತಕಾಲಿಕಕ್ಕೆ ದಾಟುವುದು ಕಷ್ಟವೇನಲ್ಲ. ಒಂದು ಪುಸ್ತಕದ ಬದಲು ವಾರವಾರವೂ ಬರುವ ಹಾಳೆಗೆ ಹೆಸರು ಬರೆಸುವುದು. 18ನೇ ಶತಮಾನದ ಆರಂಭದಿಂದ ಸಬ್‌ಸ್ಕ್ರೈಬ್ ಅಂದರೆ ಪತ್ರಿಕೆಯನ್ನು ತಪ್ಪದೆ ತರಿಸಿಕೊಳ್ಳುವುದು ಅನ್ನುವ ಅರ್ಥವೂ ಗಟ್ಟಿಯಾಯಿತು.

ನಮ್ಮ 'ಚಂದಾ' ಕೂಡ ಅದೇ ದಾರಿ ನಡೆದಿದೆ

ಕನ್ನಡದಲ್ಲಿ ಇದಕ್ಕೆ 'ಚಂದಾ' ಅಂತೀವಿ. ಪಾರಸಿಯಿಂದ ಹಿಂದೂಸ್ತಾನಿಗೆ, ಅಲ್ಲಿಂದ ನಮಗೆ ಬಂದ ಪದ. ಅದರ ಅರ್ಥ ವಂತಿಗೆ, ನಾಲ್ಕು ಜನ ಸೇರಿ ಹಾಕುವ ಹಣ. ಆಮೇಲೆ ಪತ್ರಿಕೆಗಳು ಬಂದವು. ವಾರ್ಷಿಕ ಚಂದಾ, ಆಜೀವ ಚಂದಾ, ಚಂದಾದಾರರು ಅನ್ನುವ ಮಾತುಗಳು ಹುಟ್ಟಿದವು. ವಂತಿಗೆಯ ಪಟ್ಟಿಯಿಂದ ಪತ್ರಿಕೆಯ ಪಟ್ಟಿಗೆ: ಇಂಗ್ಲಿಷ್ ಪದ ನಡೆದ ದಾರಿಯಲ್ಲೇ ನಮ್ಮದೂ ನಡೆದಿದೆ. ಒಂದೇ ವ್ಯತ್ಯಾಸ. ಚಂದಾದಲ್ಲಿ ಎದ್ದು ಕಾಣುವುದು ಹಣ, ಸಬ್‌ಸ್ಕ್ರೈಬ್‌ನಲ್ಲಿ ಹೆಸರು. ನಮ್ಮ ಅತ್ತೆಯ ಗೊಂದಲದ ಬೇರು ಬಹುಶಃ ಇಲ್ಲೇ ಇದೆ. ಅವರ ಕಿವಿಗೆ ಸಬ್‌ಸ್ಕ್ರೈಬ್ ಅಂದರೆ ಚಂದಾ, ಚಂದಾ ಅಂದರೆ ದುಡ್ಡು.

ಹಾಗೆ ನೋಡಿದರೆ ಅವರು ಈ ಪದವನ್ನು ದಶಕಗಳಿಂದ ಬಳಸುತ್ತಲೇ ಇದ್ದಾರೆ. 1878ರಲ್ಲಿ ಅಮೆರಿಕದ ನ್ಯೂ ಹೇವನ್ ಊರಿನಲ್ಲಿ ಮೊದಲ ಟೆಲಿಫೋನ್ ಡೈರೆಕ್ಟರಿ ಬಂತು. ಒಂದೇ ಹಾಳೆ, 50 ಹೆಸರು. ನಂಬರ್‌ಗಳೇ ಇರಲಿಲ್ಲ. ಅದರ ತಲೆಬರಹವೇ 'ಸಬ್‌ಸ್ಕ್ರೈಬರುಗಳ ಪಟ್ಟಿ'. ಅಲ್ಲಿಂದ ಫೋನ್ ಇಟ್ಟುಕೊಂಡವರೆಲ್ಲ ಸಬ್‌ಸ್ಕ್ರೈಬರುಗಳಾದರು.

ಊರೂರಿನ ಹಳದಿ ಬೋರ್ಡಿನ ಎಸ್‌ಟಿಡಿ ಬೂತ್ ನೆನಪಿದೆಯಾ? ಆ 'ಎಸ್' ಕೂಡ ಸಬ್‌ಸ್ಕ್ರೈಬರ್. ಪೂರ್ತಿ ಹೆಸರು ಸಬ್‌ಸ್ಕ್ರೈಬರ್ ಟ್ರಂಕ್ ಡಯಲಿಂಗ್. ಅದಕ್ಕೂ ಮುಂಚೆ ದೂರದ ಊರಿಗೆ ಮಾತಾಡಬೇಕಾದರೆ ಟ್ರಂಕ್ ಕಾಲ್ ಬುಕ್ ಮಾಡಿ, ಆಪರೇಟರ್ ಜೋಡಿಸಿಕೊಡುವ ತನಕ ಕಾಯಬೇಕಿತ್ತು. ಚಂದಾದಾರರು ತಾವೇ ಡಯಲ್ ಮಾಡುವ ವ್ಯವಸ್ಥೆ ನಮ್ಮ ದೇಶದಲ್ಲಿ 1960ರಲ್ಲಿ ಕಾನ್ಪುರ ಮತ್ತು ಲಖನೌ ನಡುವೆ ಶುರುವಾಯಿತು. ಈಗಿನ ಸಿಮ್ ಕಾರ್ಡಿನ ಮೊದಲ ಅಕ್ಷರವೂ ಅದೇ. ಈ ಕಾರ್ಡು ಯಾರದ್ದು ಅಂತ ಗುರುತು ಹೇಳುವ ಚಿಪ್ಪು ಅದು. ಹೆಸರಿನ ಬದಲು ಅದರೊಳಗೆ ಒಂದು ಉದ್ದದ ಸಂಖ್ಯೆ. ಭಾರತದ ಸಿಮ್ ಆದರೆ ಅದು 404 ಅಥವಾ 405ರಿಂದ ಶುರುವಾಗುತ್ತದೆ. 'ನೀವು ಕರೆ ಮಾಡಿದ ಚಂದಾದಾರರು ವ್ಯಾಪ್ತಿ ಪ್ರದೇಶದಿಂದ ಹೊರಗಿದ್ದಾರೆ' ಅಂತ ಧ್ವನಿ ಬರುತ್ತದಲ್ಲ, ಅಲ್ಲಿ ಚಂದಾದಾರರು ಅಂದರೆ ಇವರೇ.

ಐಪಿಒ 'ಮೂರು ಪಟ್ಟು ಸಬ್‌ಸ್ಕ್ರೈಬ್' ಆಯಿತು ಅಂದರೆ?

ಕಂಪನಿಯೊಂದು ಮೊದಲ ಸಲ ಸಾರ್ವಜನಿಕರಿಗೆ ಷೇರು ಮಾರುವುದು ಐಪಿಒ. ಒಂದು ಲಕ್ಷ ಷೇರು ಮಾರಾಟಕ್ಕಿದ್ದು, ಮೂರು ಲಕ್ಷ ಷೇರಿಗೆ ಅರ್ಜಿ ಬಂದರೆ ಮೂರು ಪಟ್ಟು ಸಬ್‌ಸ್ಕ್ರೈಬ್ ಆಯಿತು ಅನ್ನುತ್ತಾರೆ. 1694ರ ಪುಸ್ತಕದ ಹಾಗೆಯೇ, 'ಇಷ್ಟು ನನಗಿರಲಿ' ಅಂತ ಹೆಸರು ಬರೆಸುವುದು. ಬರೆಸಿದ ಮಾತ್ರಕ್ಕೆ ಷೇರು ಸಿಕ್ಕಿತು ಅಂತಲ್ಲ. ಅಲ್ಲಿಯವರೆಗೆ ದುಡ್ಡು ನಿಮ್ಮ ಖಾತೆಯಲ್ಲೇ ಇರುತ್ತದೆ, ಆದರೆ ಮುಟ್ಟುವ ಹಾಗಿಲ್ಲ. ಷೇರು ಸಿಕ್ಕರೆ ಮಾತ್ರ ಕಟ್ ಆಗುತ್ತದೆ.

ಕಂಪನಿ ಶುರು ಮಾಡುವವರಿಗೂ ಕಾನೂನಿನಲ್ಲಿ ಇದೇ ಹೆಸರು. ಕಂಪನಿಯ ಉದ್ದೇಶ ಬರೆದ ಪತ್ರದ ಕೊನೆಯಲ್ಲಿ ಪ್ರೈವೇಟ್ ಕಂಪನಿಗೆ ಕನಿಷ್ಠ ಇಬ್ಬರು, ಪಬ್ಲಿಕ್ ಕಂಪನಿಗೆ ಕನಿಷ್ಠ ಏಳು ಜನ ತಮ್ಮ ಹೆಸರು ಮತ್ತು ಎಷ್ಟು ಷೇರು ಅಂತ ನಮೂದಿಸಿ ಸಹಿ ಹಾಕಬೇಕು. ಅವರು ಸಬ್‌ಸ್ಕ್ರೈಬರುಗಳು. ರೋಮನ್ನರ ಕಾಲದ ಅರ್ಥ ಅಷ್ಟಾಗಿ ಸವೆಯದೆ ಉಳಿದಿರುವುದು ಇಲ್ಲಿ.

ಪೆನ್ನು ಹೋಗಿ ಬಟನ್ ಬಂತು

ಇಷ್ಟೆಲ್ಲ ಸುತ್ತಾಡಿ ಬಂದರೆ ಅತ್ತೆಯ ಪ್ರಶ್ನೆಗೆ ಉತ್ತರ ಸುಲಭ. ಸಬ್‌ಸ್ಕ್ರೈಬ್ ಅಂದರೆ ಯಾರೋ ಬರೆದದ್ದರ ಕೆಳಗೆ ನಮ್ಮ ಹೆಸರು ಸೇರಿಸುವುದು. ದುಡ್ಡು ಹೋಗುತ್ತದೋ ಇಲ್ಲವೋ ಅನ್ನುವುದು ಈ ಪದದಲ್ಲಿ ಇಲ್ಲ, ಅದು ಮೇಲೆ ಬರೆದಿರುವ ಷರತ್ತಿನಲ್ಲಿದೆ. ಯೂಟ್ಯೂಬ್ ಚಾನೆಲ್ಲಿನಲ್ಲಿ ಆ ಷರತ್ತು 'ಹೊಸ ವಿಡಿಯೊ ಬಂದರೆ ನನಗೆ ತೋರಿಸು' ಅಂತ ಅಷ್ಟೇ. ಪಕ್ಕದಲ್ಲೇ ಕೆಲವು ಚಾನೆಲ್‌ಗಳಿಗೆ 'ಜಾಯಿನ್' ಅಂತ ಇನ್ನೊಂದು ಬಟನ್ ಇರುತ್ತದೆ. ತಿಂಗಳಿಗಿಷ್ಟು ಅಂತ ದುಡ್ಡು ಕೇಳುವುದು ಅದು.

ಆ್ಯಪ್‌ಗಳಲ್ಲಿ ಷರತ್ತು ಬೇರೆ: 'ನಾನು ಬೇಡ ಅನ್ನುವ ತನಕ ಪ್ರತಿ ತಿಂಗಳೂ ಇಷ್ಟು ತಗೋ'. ಅದು ಸಣ್ಣ ಅಕ್ಷರದಲ್ಲಿ ಇರುತ್ತದೆ, ಬಟನ್ ದೊಡ್ಡದಾಗಿ ಇರುತ್ತದೆ. ಇದಕ್ಕೆ ಈಗ ಕೆಲವು ಕಟ್ಟುಪಾಡುಗಳಿವೆ. 2021ರ ಅಕ್ಟೋಬರ್‌ನಿಂದ ಜಾರಿಯಲ್ಲಿರುವ ರಿಸರ್ವ್ ಬ್ಯಾಂಕ್ ನಿಯಮದ ಪ್ರಕಾರ, ಹೀಗೆ ತಾನಾಗಿ ದುಡ್ಡು ಕಟ್ ಆಗುವುದಕ್ಕೆ 24 ಗಂಟೆ ಮೊದಲು ಗ್ರಾಹಕರಿಗೆ ಸೂಚನೆ ಬರಬೇಕು. 2023ರ ನವೆಂಬರ್ 30ರಂದು ಕೇಂದ್ರದ ಗ್ರಾಹಕ ಸಂರಕ್ಷಣಾ ಪ್ರಾಧಿಕಾರ, ಆನ್‌ಲೈನಿನಲ್ಲಿ ಗ್ರಾಹಕರನ್ನು ದಾರಿ ತಪ್ಪಿಸುವ 13 ಬಗೆಯ ತಂತ್ರಗಳನ್ನು ಪಟ್ಟಿ ಮಾಡಿ ನಿಷೇಧಿಸಿತು. ಅದರಲ್ಲಿ ಒಂದು ಸಬ್‌ಸ್ಕ್ರಿಪ್ಷನ್ ಬಲೆ. ಸೇರುವುದು ಸಲೀಸು ಮಾಡಿ, ಬಿಡುವುದನ್ನು ಕಷ್ಟ ಮಾಡುವುದೂ ಅದರಲ್ಲಿ ಬರುತ್ತದೆ.

ಅತ್ತೆಯ ಮಗನಿಗೂ 24 ಗಂಟೆ ಮೊದಲು ಎಸ್‌ಎಂಎಸ್ ಬಂದಿತ್ತು. ಸಾಲ ಬೇಕಾ, ಸೈಟು ಬೇಕಾ ಅನ್ನುವ ಮೆಸೇಜುಗಳ ನಡುವೆ ಅವನು ನೋಡಿರಲಿಲ್ಲ. ಅವನ ತಕರಾರು ಬೇರೆ. "ನಾನು ಎರಡನೇ ದಿನವೇ ಆ ಆ್ಯಪ್ ಕಿತ್ತು ಹಾಕಿದ್ದೆ, ಆದ್ರೂ ಹೇಗೆ ಕಟ್ ಆಯ್ತು?" ಅಂತ. ಆ್ಯಪ್ ಇದ್ದದ್ದು ಅವನ ಫೋನಿನಲ್ಲಿ, ಹೆಸರು ಇದ್ದದ್ದು ಕಂಪನಿಯ ಪುಸ್ತಕದಲ್ಲಿ. ಪ್ಲೇ ಸ್ಟೋರ್‌ಗೆ ಹೋಗಿ, ಪ್ರೊಫೈಲ್ ಚಿತ್ರ ಒತ್ತಿ, ಪೇಮೆಂಟ್ಸ್ ಮತ್ತು ಸಬ್‌ಸ್ಕ್ರಿಪ್ಷನ್ಸ್ ಅನ್ನುವಲ್ಲಿ ಹುಡುಕಿದೆವು. ಅವನ ಹೆಸರಿನಲ್ಲಿ ಇನ್ನೂ ಎರಡು ಇದ್ದವು. ಒಂದು, ಅವನಿಗೆ ನೆನಪೇ ಇಲ್ಲದ ಫೋಟೊ ಎಡಿಟರ್.